ದೊಡ್ಡಾಕಿ

ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರು ಹೇಳಿದ ಮಾತುಗಳಲ್ಲಿ ಇದೂ ಒಂದು: "ಆರು ವಾರ ನಿಮ್ಮ ಮಗುವಿಗಿಂತ ಭಾರದ್ದು ಏನನ್ನೂ ಎತ್ತಬ್ಯಾಡ್ರಿ." ಸಿಸೇರಿಯನ್ ಆದ ಎಲ್ಲರಿಗೂ ಹೇಳುವ ಮಾತು. ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ಒತ್ತಡ ಬೀಳಬಾರದು, ಅಷ್ಟೇ ಅದರ ಅರ್ಥ. ನಾನು ತಲೆಯಾಡಿಸಿ, ಗುಳಿಗೆಯ ಚೀಟಿ ಮಡಚಿಟ್ಟುಕೊಂಡು, 2.9 ಕೆಜಿಯ ಕೂಸನ್ನು ಹೊತ್ತಿದ್ದ ಅವ್ವನ ಹಿಂದೆ ನಿಧಾನಕ್ಕೆ ನಡೆದು ಬಂದೆ. ಧಾರವಾಡದ ಸಪ್ತಾಪುರದಲ್ಲಿ ನಮ್ಮದೊಂದು ಬಾಡಿಗೆ ಮನೆ. ಬಾಗಿಲು ತೆರೆದ ಕೂಡಲೇ ಮಗಳು ಓಡಿ ಬಂದು ಎರಡೂ ಕೈ ಮೇಲೆ ಮಾಡಿ "ಎತ್ಗೋ" ಅಂದಳು. ಡಾಕ್ಟರರ ವಾಕ್ಯದಲ್ಲಿದ್ದ ತೊಡಕು ಗೊತ್ತಾದದ್ದು ಆಗ. ನಿಮ್ಮ ಮಗುವಿಗಿಂತ ಭಾರದ್ದು ಅಂದರಲ್ಲ, ಯಾವ ಮಗುವಿಗಿಂತ? ಕೈ ಎತ್ತಿ ನಿಂತವಳೂ ನನ್ನ ಮಗುವೇ. ಎರಡು ವರ್ಷ ಹತ್ತು ತಿಂಗಳು, 12.5 ಕೆಜಿ.

"ಅಮ್ಮಗ ಹೊಟ್ಟಿ ನೋವೈತಿ. ನೀ ಈಗ ದೊಡ್ಡಾಕಿ ಆದಿ ನೋಡು" ಎಂದು ಅವ್ವ ಅವಳನ್ನು ಪಕ್ಕಕ್ಕೆ ಸರಿಸಿದಳು. ದಾರಿ ಬಿಡಿಸಲು ಆಡಿದ ಮಾತು, ಬೇರೇನೂ ಇರಲಿಲ್ಲ ಅದರಲ್ಲಿ. ಆದರೆ ಅವತ್ತಿನಿಂದ ಅವಳ ಹೆಸರೇ ಅದಾಯಿತು. ಹಾಲು ಹಾಕುವವರು, ಓಣಿಯವರು, ಎಣ್ಣೆ ಹಚ್ಚಿ ಕೂಸಿಗೆ ಎರೆಯಲು ಬರುವ ಅಜ್ಜಿ, ಫೋನಿನಲ್ಲಿ ಮಾತಾಡುವ ಅತ್ತೆ, ಎಲ್ಲರೂ ಮೊದಲು ಕೂಸಿನ ಬಗ್ಗೆ ಕೇಳಿ ಆಮೇಲೆ "ದೊಡ್ಡಾಕಿ ಹೆಂಗದಾಳ?" ಎನ್ನುತ್ತಿದ್ದರು. ಐದು ದಿನದ ಹಿಂದೆ ಅವಳು ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳಾಗಿದ್ದಳು. ಈ ಐದು ದಿನದಲ್ಲಿ ಅವಳು ಬೆಳೆದಿರಲಿಲ್ಲ, ಹೊಸದೇನನ್ನೂ ಕಲಿತಿರಲಿಲ್ಲ. ಅವಳಿಂದ ಎರಡು ಕಿಲೋಮೀಟರು ದೂರದ ಒಂದು ಕೋಣೆಯಲ್ಲಿ ಯಾರೋ ಹುಟ್ಟಿದ್ದಕ್ಕೆ ಅವಳು ದೊಡ್ಡವಳಾಗಿದ್ದಳು.

ಇದು ಬರೀ ಬಾಯಿಮಾತು ಎಂದೂ ಹೇಳಲಾರೆ. ಅವತ್ತು ಸಂಜೆ ಮಂಚದ ಮೇಲೆ ಕೂತವಳ ಪಕ್ಕ ಅವಳು ಬಂದು ತೊಡೆಗೆ ತಲೆ ಇಟ್ಟಾಗ ನನಗೆ ನಿಜವಾಗಿಯೂ ಗಾಬರಿಯಾಯಿತು. ಇವಳ ತಲೆ ಇಷ್ಟು ದೊಡ್ಡದಿತ್ತೆ? ಈ ಪಾದ, ಈ ಮೊಣಕಾಲಿನ ಗುಬ್ಬಿ? ಐದು ದಿನ ಅಂಗೈಯಗಲದ ತಲೆಯನ್ನೇ ನೋಡಿದ ಕಣ್ಣಿಗೆ ಅವಳು ಬೇರೆ ಯಾವುದೋ ಜಾತಿಯ ಪ್ರಾಣಿಯಂತೆ ಕಂಡಳು. ಎರಡನೆಯ ಹೆರಿಗೆ ಆದ ಗೆಳತಿಯರೂ ಇದನ್ನೇ ಹೇಳಿದ್ದಾರೆ, ನಗುತ್ತಲೇ. ನನಗೆ ನಗು ಬರಲಿಲ್ಲ. ಬದಲಾದದ್ದು ನನ್ನ ಅಳತೆಗೋಲು, ಅದರ ಬೆಲೆ ತೆತ್ತದ್ದು ಅವಳು.

ನಾನು ತತ್ವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ, ಇಪ್ಪತ್ತನೆಯ ಶತಮಾನದ ನೀತಿಚಿಂತನೆ ನನ್ನ ವಿಷಯ. ಮೂರನೆಯ ಅಧ್ಯಾಯ ಏಳು ತಿಂಗಳಿಂದ ಅರ್ಧಕ್ಕೆ ನಿಂತಿದೆ. ಯುಜಿಸಿ ನಿಯಮದ ಪ್ರಕಾರ ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆ ರಜೆ ಕೊಡಬಹುದು. ಹೆರಿಗೆಗೆ ಇಷ್ಟು ಎಂದಲ್ಲ, ಇಡೀ ಪಿಎಚ್.ಡಿ.ಗೆ ಒಟ್ಟು ಅಷ್ಟು. ಸಂಬಳದ ಕೆಲಸದಲ್ಲಿರುವವರಿಗೆ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೂ 26 ವಾರ ಎಂದು ಕಾನೂನಿದೆ, ಆದರೆ ಸಂಶೋಧನಾ ವಿದ್ಯಾರ್ಥಿ ಕೆಲಸಗಾರಳಲ್ಲ. ಮಗಳು ಹುಟ್ಟಿದಾಗ ನಾನು ಆ 240 ದಿನಗಳನ್ನು ಪೂರ್ತಿ ಬಳಸಿಕೊಂಡಿದ್ದೆ. ಆಗ ಎರಡನೆಯ ಮಗುವಿನ ಯೋಚನೆ ಇರಲಿಲ್ಲ. ಹಾಗಾಗಿ ಈ ಕೂಸು ಹುಟ್ಟುವ ಮೊದಲೇ ಅದರ ಪಾಲನ್ನು ಅಕ್ಕ ತಿಂದು ಮುಗಿಸಿದ್ದಳು. ಗಂಡನ ಕಂಪನಿ ನಾಲ್ಕು ದಿನ ಕೊಟ್ಟಿತು, ಅದೂ ಅವರ ಸ್ವಂತ ರಜೆಯ ಲೆಕ್ಕದಿಂದ. ಪ್ರೀತಿಯನ್ನು ಹಂಚಲಾಗುವುದಿಲ್ಲ, ಹಂಚಿದಷ್ಟೂ ಹೆಚ್ಚುತ್ತದೆ ಎಂದು ನೋಡಲು ಬಂದವರೆಲ್ಲ ಹೇಳಿ ಹೋದರು. ಇರಬಹುದು. ರಜೆ ಹೆಚ್ಚುವುದಿಲ್ಲ. ತೊಡೆಯೂ ಹೆಚ್ಚುವುದಿಲ್ಲ.

ಎರಡನೆಯ ವಾರ ಒಂದು ದಿನದ ಲೆಕ್ಕ ಬರೆದಿಟ್ಟಿದ್ದೆ. ಕೂಸು ಹನ್ನೊಂದು ಸಲ ಹಾಲು ಕುಡಿಯಿತು. ಒಂದೊಂದು ಸಲಕ್ಕೆ ಅರ್ಧ ಗಂಟೆ ಹಿಡಿದರೂ ಐದೂವರೆ ಗಂಟೆ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ತೊಟ್ಟಿಲಿಗೆ ಹಾಕಿ ಮತ್ತೆ ಎತ್ತುವುದು ಸೇರಿಸಿದರೆ ಒಂಬತ್ತು ಗಂಟೆ ದಾಟಿತು. ಉಳಿದದ್ದರಲ್ಲಿ ನನ್ನ ನಿದ್ದೆ, ನನ್ನ ಎಣ್ಣೆನೀರು, ಅಗ್ಗಿಷ್ಟಿಕೆಯ ಕಾವು, ಅವ್ವನ ಅಂಟಿನುಂಡೆ, ಖಾರ. ಮಗಳ ಹೆಸರಿನಲ್ಲಿ ಅವತ್ತು ಇದ್ದದ್ದು ನಲವತ್ತು ನಿಮಿಷ. ಅದರಲ್ಲೂ ಇಪ್ಪತ್ತು ನಿಮಿಷ ಕೂಸು ನನ್ನ ಎದೆಯ ಮೇಲೇ ಇತ್ತು, ನಾನು ಒಂದೇ ಕೈಯಲ್ಲಿ ಅವಳ ಚಿತ್ರದ ಪುಸ್ತಕದ ಪುಟ ಮಗುಚಿದೆ. ಹದಿನೈದು ದಿನದ ಹಿಂದೆ ಇಡೀ ಸಂಜೆ ಅವಳದಾಗಿತ್ತು.

ಆ ವಾರಗಳಲ್ಲಿ ನಾವೆಲ್ಲ ಸೇರಿ ಅವಳಿಗೆ ಹೇಳಿದ ಸುಳ್ಳುಗಳೂ ಸಾಕಷ್ಟಿವೆ. "ನಿನಗ ಆಡಾಕ ತಮ್ಮ ಬಂದಾನ" ಎಂದೆವು. ಆಡಲು ಬರುವ ತಮ್ಮನಿಗಾಗಿ ಅವಳು ಚೆಂಡು ಹಿಡಿದು ಎರಡು ದಿನ ತೊಟ್ಟಿಲ ಪಕ್ಕ ಕಾದಳು. "ನೋಡು, ಅಕ್ಕನ್ನ ನೋಡಾಕತ್ತಾನ" ಎಂದೆವು. ಹುಟ್ಟಿದ ಕೂಸಿಗೆ ಒಂದು ಅಡಿಯಾಚೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಎತ್ತಿಕೊಂಡವಳ ಮುಖ ಎಷ್ಟು ದೂರದಲ್ಲಿರುತ್ತದೋ ಸುಮಾರು ಅಷ್ಟೇ ಅದರ ಜಗತ್ತು, ಮತ್ತು ಆ ಒಂದು ಅಡಿಯೊಳಗೆ ಮಗಳನ್ನು ನಾವು ಬಿಟ್ಟುಕೊಳ್ಳುತ್ತಿರಲಿಲ್ಲ, ಅವಳ ಮೂಗು ಸುರಿಯುತ್ತಿತ್ತು. "ನಿನಗೋಸ್ಕರ ತಂದೇವಿ" ಎಂದದ್ದು ಎಲ್ಲಕ್ಕಿಂತ ದೊಡ್ಡ ಸುಳ್ಳು. ನಾವು ನಮಗೋಸ್ಕರ ತಂದುಕೊಂಡದ್ದು. ಅವಳನ್ನು ಯಾರೂ ಕೇಳಿರಲಿಲ್ಲ, ಕೇಳಲು ಬರುವಂಥದ್ದೂ ಅಲ್ಲ. ಬೇಡದವರಿಗೆ ಉಡುಗೊರೆ ಕೊಟ್ಟು, ಅವರು ಖುಷಿಪಡಲಿಲ್ಲವೆಂದು ಮುಖ ಸಣ್ಣಗೆ ಮಾಡಿಕೊಳ್ಳುವ ಕೆಲವು ನೆಂಟರಿರುತ್ತಾರಲ್ಲ, ನಾವು ಹಾಗಾಗಿದ್ದೆವು.

ಗಂಡು ಕೂಸಾದ್ದರಿಂದ ಇನ್ನೊಂದು ಮಾತೂ ಮನೆ ತುಂಬ ಓಡಾಡುತ್ತಿತ್ತು. ಆರತಿಗೊಬ್ಬಳು, ಕೀರ್ತಿಗೊಬ್ಬ. ಬಂದವರು ಮಗಳ ಗಲ್ಲ ಹಿಂಡಿ ಅಕ್ಕರೆಯಿಂದಲೇ ಹೇಳುತ್ತಿದ್ದರು. ಒಬ್ಬರಿಗೂ ಅದು ಕೆಲಸದ ಹಂಚಿಕೆ ಎಂದು ಅನಿಸಿದಂತಿರಲಿಲ್ಲ. ಇದನ್ನು ಹಿಡಿದು ಇನ್ನೊಂದು ಲೇಖನ ಬರೆಯಬಹುದು, ಬೇಡ ಈಗ.

ರಾತ್ರಿ ಎರಡು ಗಂಟೆಗೆ, ನಾಲ್ಕಕ್ಕೆ, ಕೂಸು ಹಾಲು ಕುಡಿಯುವಾಗ ನಿದ್ದೆ ಹೋಗದಿರಲೆಂದು ಫೋನಿನಲ್ಲಿ ಹಳೆಯ ಪುಸ್ತಕಗಳನ್ನು ತೆರೆಯುತ್ತಿದ್ದೆ. ಹಾಗೆ ಒಂದು ರಾತ್ರಿ ಪ್ಲೇಟೋನ 'ರಿಪಬ್ಲಿಕ್' ಸಿಕ್ಕಿತು. ಐದನೆಯ ಪುಸ್ತಕದಲ್ಲಿ ಕಾವಲುಗಾರ ವರ್ಗದ ಮಕ್ಕಳನ್ನು ಸಾಕುವ ಏರ್ಪಾಡು ಬರುತ್ತದೆ. ಎಲ್ಲ ಕೂಸುಗಳನ್ನೂ ಒಂದೇ ಕಡೆ ಇಡಬೇಕು. ಹಾಲು ತುಂಬಿದ ತಾಯಂದಿರನ್ನು ಅಲ್ಲಿಗೆ ಕರೆತಂದು ಹಾಲೂಡಿಸಬೇಕು, ಆದರೆ ಯಾರಿಗೂ ತನ್ನ ಕೂಸು ಯಾವುದೆಂದು ಗುರುತು ಸಿಗಬಾರದು. ಇದನ್ನು ಎಂ.ಎ.ಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಈ ಸಲ ಮಾತ್ರ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಸಂಗತಿ: ರಾತ್ರಿ ಎಚ್ಚರ ಇರುವುದು ಮತ್ತು ಉಳಿದ ದುಡಿತವನ್ನು ಅವನು ದಾದಿಯರಿಗೆ ವಹಿಸಿಬಿಡುತ್ತಾನೆ. ಸಮಾನತೆಯ ಇಷ್ಟು ದೊಡ್ಡ ಕಲ್ಪನೆಯೂ ರಾತ್ರಿ ಎರಡು ಗಂಟೆಯ ಪ್ರಶ್ನೆಗೆ ಬಂದಾಗ ಇನ್ಯಾರನ್ನೋ ಕರೆಯುತ್ತದೆ. ಪಕ್ಕದ ಚಾಪೆಯ ಮೇಲೆ ಅವ್ವ ಅರೆನಿದ್ದೆಯಲ್ಲಿದ್ದಳು. ಊರಲ್ಲಿ ಸಕ್ಕರೆ ಕಾಯಿಲೆಯ ಅಪ್ಪ ಒಬ್ಬನೇ ಅನ್ನ ಮಾಡಿಕೊಂಡು ಉಣ್ಣುತ್ತಿದ್ದ.

ಅರಿಸ್ಟಾಟಲ್ 'ಪಾಲಿಟಿಕ್ಸ್'ನಲ್ಲಿ ಇದಕ್ಕೆ ಆಕ್ಷೇಪ ಎತ್ತುತ್ತಾನೆ. ಎಲ್ಲರೂ ಎಲ್ಲರ ಮಕ್ಕಳಾದರೆ ಪ್ರೀತಿ ನೀರುನೀರಾಗುತ್ತದೆ, ಸ್ವಲ್ಪ ಸಿಹಿಯನ್ನು ಬಹಳ ನೀರಿಗೆ ಹಾಕಿದರೆ ರುಚಿಯೇ ಗೊತ್ತಾಗದ ಹಾಗೆ. ನನ್ನ ಕಷ್ಟ ಇವರಿಬ್ಬರದೂ ಅಲ್ಲ. ನನ್ನ ಪ್ರೀತಿ ತೆಳ್ಳಗಾಗಿರಲಿಲ್ಲ. ಅದು ಗಟ್ಟಿಯಾಗಿಯೇ ಇತ್ತು, ಬಾಗಿಲ ಈಚೆ ಇತ್ತು. ಬಾಗಿಲ ವಿಷಯ ಹೇಳುತ್ತೇನೆ.

ಹತ್ತೊಂಬತ್ತನೆಯ ದಿನ ಮಗಳಿಗೆ ಜ್ವರ ಬಂತು. ಆಟದ ಶಾಲೆಯಿಂದ ತಂದ ನೆಗಡಿ ಕೆಮ್ಮಾಗಿ, ಸಂಜೆಯ ಹೊತ್ತಿಗೆ 101 ಡಿಗ್ರಿ. ಮಕ್ಕಳ ಡಾಕ್ಟರಿಗೆ ಫೋನು ಮಾಡಿದೆವು. ದೊಡ್ಡವಳಿಗೆ ಪ್ಯಾರಾಸಿಟಮಾಲ್ ಸಾಕು, ಮೂರು ದಿನದಲ್ಲಿ ಇಳಿಯುತ್ತದೆ. ಆದರೆ ಕೂಸಿನಿಂದ ದೂರ ಇಡಿ ಎಂದರು. ತಿಂಗಳು ತುಂಬದ ಕೂಸಿಗೆ 100.4 ದಾಟಿದರೆ ಅದನ್ನು ಮನೆಯಲ್ಲಿ ನೋಡಿಕೊಳ್ಳುವಂತಿಲ್ಲ, ಆ ಕ್ಷಣ ಆಸ್ಪತ್ರೆಗೆ ತರಬೇಕು, ದಾಖಲು ಮಾಡಿ ರಕ್ತ ಪರೀಕ್ಷೆ ಮಾಡಬೇಕಾಗುತ್ತದೆ. ನಮ್ಮದು ಒಂದು ಕೋಣೆ, ಒಂದು ಪಡಸಾಲೆಯ ಮನೆ. ನಾನು ಕೂಸಿನ ಜೊತೆ ಕೋಣೆಯಲ್ಲಿ, ಮಗಳು ಅಪ್ಪನ ಜೊತೆ ಪಡಸಾಲೆಯಲ್ಲಿ. ಬಾಗಿಲು ಮುಂದೆ ಮಾಡಿದರೆ ತಳ್ಳಿಕೊಂಡು ಬರುತ್ತಾಳೆಂದು ಒಳಗಿನಿಂದ ಚಿಲಕ ಹಾಕಿದೆವು.

ಜ್ವರ ಬಂದಾಗ ಅವಳಿಗೆ ನಾನೇ ಬೇಕು. ಮೊದಲಿನಿಂದಲೂ ಹಾಗೇ. ಎದೆಯ ಮೇಲೆ ಅಂಗಾತ ಮಲಗಿ ಕಿವಿಯ ಹಿಂದಿನ ನನ್ನ ಕೂದಲನ್ನು ಬೆರಳಿಗೆ ಸುತ್ತಿಕೊಂಡರೆ ಮಾತ್ರ ನಿದ್ದೆ. ಆ ರಾತ್ರಿ ಅವಳು ಬಾಗಿಲು ಬಡಿದಳು. "ಅಮ್ಮ, ಬಾಗಲಾ ತಗಿ." ಒಳಗಿನಿಂದ ನಾನು ಇಲ್ಲೇ ಇದ್ದೇನೆ, ಮಲಗು ಎಂದೆ. "ಅಮ್ಮ, ನನಗ ಜ್ವರ ಬಂದಾವ, ಬಾಗಲಾ ತಗಿ." ತನ್ನ ಹತ್ತಿರ ಇದ್ದ ಬಲವಾದ ಕಾರಣವನ್ನೇ ಕೊಟ್ಟಿದ್ದಳು. ಆ ಕಾರಣಕ್ಕೇ ಬಾಗಿಲು ಹಾಕಿದ್ದೆಂದು ಅವಳಿಗೆ ಹೇಗೆ ತಿಳಿಯಬೇಕು? ನಲವತ್ತು ನಿಮಿಷ ಕರೆದಳು. ನನ್ನ ಎದೆಯ ಮೇಲೆ ಕೂಸು ಹಾಲು ಕುಡಿಯುತ್ತಿತ್ತು, ಅದರ ದವಡೆ ಚಲಿಸುವುದನ್ನು ನೋಡುತ್ತ ಕೂತೆ. ಎರಡನೆಯ ರಾತ್ರಿ ಎರಡು ಸಲ ಕರೆದು ಸುಮ್ಮನಾದಳು. ಮೂರನೆಯ ರಾತ್ರಿ, ಅವ್ವ ಬಿಸಿನೀರು ತರಲು ಹೊರಗೆ ಹೋದಾಗ ಅರ್ಧ ತೆರೆದ ಬಾಗಿಲಲ್ಲಿ ಅವಳು ಕಂಡಳು. ನಾನು ಕಂಡರೂ ಒಳಗೆ ಬರಲಿಲ್ಲ. "ಆಯಿ, ಬಾಗಲಾ ಹಾಕು, ಕೂಸಿಗೆ ನೆಗಡಿ ಆಗ್ತೈತಿ" ಅಂದಳು.

ಮರುದಿನ ಮನೆಯಲ್ಲಿ ಅದೇ ಸುದ್ದಿ. ಎಷ್ಟ ಶ್ಯಾಣ್ಯಾಕಿ ಆಗ್ಯಾಳ! ತಿಳಿವಳಿಕಿ ಬಂತು ದೊಡ್ಡಾಕಿಗೆ! ಗಂಡ ಅತ್ತೆಗೆ ಫೋನು ಮಾಡಿ ಹೇಳಿದರು. ಎರೆಯಲು ಬಂದ ಅಜ್ಜಿ ಅವಳಿಗೆ ದೃಷ್ಟಿ ತೆಗೆದರು. ನನಗೆ ಮಾತ್ರ ಆ "ಬಾಗಲಾ ಹಾಕು" ಎಂಬುದು ಇನ್ನೂ ಕಿವಿಯಿಂದ ಹೋಗಿಲ್ಲ.

ಈ ವಿಷಯವನ್ನು ನಾನು ಕಲಿತ ವಿದ್ಯೆಯಲ್ಲಿ ಇಟ್ಟು ನೋಡಲು ಯತ್ನಿಸಿದೆ, ಬೇರೆ ದಾರಿ ನನಗೆ ಗೊತ್ತಿಲ್ಲ. ಎಮ್ಯಾನ್ಯುಯೆಲ್ ಲೆವಿನಾಸ್ 1906ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿ ಫ್ರೆಂಚಿನಲ್ಲಿ ಬರೆದ ತತ್ವಜ್ಞಾನಿ. ಎರಡನೆಯ ಮಹಾಯುದ್ಧದಲ್ಲಿ ಅವನು ಯುದ್ಧಕೈದಿಯಾಗಿದ್ದಾಗ ಅವನ ತಂದೆ ತಾಯಿ, ಇಬ್ಬರು ತಮ್ಮಂದಿರು ಊರಲ್ಲಿ ಕೊಲ್ಲಲ್ಪಟ್ಟರು. ಅವನು ಹೇಳುವುದನ್ನು ಸರಳಗೊಳಿಸಿದರೆ ಹೀಗೆ: ಎದುರಿಗಿರುವ ಇನ್ನೊಬ್ಬರ ಮುಖ ನನ್ನ ಮೇಲೆ ಹೊರಿಸುವ ಹೊಣೆಗೆ ಮಿತಿಯಿಲ್ಲ. ಅಲ್ಲಿ ಲೆಕ್ಕವಿಲ್ಲ, ತಕ್ಕಡಿಯಿಲ್ಲ. ಆದರೆ ಲೋಕದಲ್ಲಿ ಇರುವುದು ನಾನು ಮತ್ತು ಅವರು ಇಬ್ಬರೇ ಅಲ್ಲ. ಮೂರನೆಯವರು ಬಂದ ಕೂಡಲೇ, ಹೋಲಿಸಲಾಗದ ಇಬ್ಬರನ್ನು ಹೋಲಿಸಬೇಕಾಗುತ್ತದೆ. ಯಾರು ಮೊದಲು, ಯಾರಿಗೆ ಎಷ್ಟು ಎಂದು ಕೇಳಬೇಕಾಗುತ್ತದೆ. ನ್ಯಾಯ ಎಂಬುದು ಹುಟ್ಟುವುದೇ ಅಲ್ಲಿ. ಇದರ ಮೇಲೆ ನಲವತ್ತು ಪುಟ ಬರೆದಿದ್ದೇನೆ, ಮೂರನೆಯವರೆಂದರೆ ಸಮಾಜ, ಕೋರ್ಟು, ರಾಜ್ಯ ಎಂದೆಲ್ಲ. ಮೂರನೆಯವನು 2.9 ಕೆಜಿ ತೂಗಬಹುದು ಎಂದು ಹೊಳೆದಿರಲಿಲ್ಲ.

ಮೊದಲ ಮಗುವಿನ ಕಾಲದಲ್ಲಿ ನಾನು ಒಳ್ಳೆಯ ತಾಯಿಯಾಗಿದ್ದೆ ಎಂದುಕೊಂಡಿದ್ದೆ. ಅವಳು ಅತ್ತರೆ ಎದ್ದೆ, ಕರೆದರೆ ಹೋದೆ. ಈಗ ನೋಡಿದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಅವಳಿಗೆ ಪ್ರತಿಸ್ಪರ್ಧಿಗಳು ಇರಲಿಲ್ಲ, ಅಷ್ಟೇ. ನ್ಯಾಯವಾಗಿ ನಡೆದುಕೊಳ್ಳುವ ಸಂದರ್ಭವೇ ನನಗೆ ಬಂದಿರಲಿಲ್ಲ.

ಹಾಗಾದರೆ ಆ ಮೂರು ರಾತ್ರಿ ನಾನು ಮಾಡಿದ್ದು ತಪ್ಪೆ? ಅಲ್ಲ. ಇವತ್ತು ಅದೇ ಪರಿಸ್ಥಿತಿ ಬಂದರೂ ಚಿಲಕ ಹಾಕುತ್ತೇನೆ. ಒಬ್ಬಳಿಗೆ ಮೂರು ದಿನದ ಸಂಕಟ, ಇನ್ನೊಬ್ಬನಿಗೆ ಜೀವದ ಅಪಾಯ, ಇದರಲ್ಲಿ ಗೊಂದಲವಿಲ್ಲ. ಗೊಂದಲ ಇರುವುದು ಅದರ ನಂತರ. ಸರಿಯಾದದ್ದನ್ನು ಮಾಡಿದ ಮೇಲೆ ಮಾಡದೆ ಉಳಿದದ್ದು ಏನಾಗುತ್ತದೆ?

ಇಂಗ್ಲಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1965ರಲ್ಲಿ ಬರೆದ ಒಂದು ಪ್ರಬಂಧ ಇದೇ ಪ್ರಶ್ನೆಯ ಸುತ್ತ ಇದೆ. ಎರಡು ನಂಬಿಕೆಗಳು ಒಂದಕ್ಕೊಂದು ವಿರುದ್ಧ ಬಂದರೆ, ಒಂದು ಸುಳ್ಳೆಂದು ಗೊತ್ತಾದ ಕೂಡಲೇ ಅದು ಬಿದ್ದುಹೋಗುತ್ತದೆ. ಬಸ್ಸು ಐದಕ್ಕೋ ಆರಕ್ಕೋ ಎಂಬ ಅನುಮಾನವಿದ್ದು ಆರಕ್ಕೆಂದು ತಿಳಿದರೆ, ಐದರ ಬಗ್ಗೆ ಯಾರೂ ಮರುಗುವುದಿಲ್ಲ. ಎರಡು ಕರ್ತವ್ಯಗಳು ಹಾಗೆ ಎದುರಾದಾಗ ಒಂದನ್ನು ಆರಿಸಿಕೊಂಡ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ. ಅದು ತನ್ನ ಜಾಗದಲ್ಲೇ ನಿಂತಿರುತ್ತದೆ. ವಿಲಿಯಮ್ಸ್ ಅಲ್ಲಿ ಅಗಮೆಮ್ನಾನನನ್ನು ನೆನೆಯುತ್ತಾನೆ, ಹಡಗುಗಳಿಗೆ ಗಾಳಿ ಬೇಕೆಂದು ಮಗಳನ್ನೇ ಬಲಿ ಕೊಟ್ಟ ಗ್ರೀಕ್ ಅರಸನನ್ನು. ಸಪ್ತಾಪುರದ ಒಂದು ನೆಗಡಿಗೆ ಆ ಉದಾಹರಣೆ ತೀರಾ ದೊಡ್ಡದಾಯಿತು, ಗೊತ್ತು. ಆದರೆ ಅವನ ಮಾತಿನ ಬಲ ಇರುವುದು ಸಣ್ಣ ಸಂಗತಿಗಳಲ್ಲೇ ಎಂದು ನನಗನಿಸುತ್ತದೆ. ದೊಡ್ಡ ದುರಂತವಾದರೆ ಜನ ತಾವಾಗಿಯೇ ಮರುಗುತ್ತಾರೆ. ಸಣ್ಣದಾದರೆ, ನೀನು ಮಾಡಿದ್ದು ಸರಿ ಬಿಡು ಎಂದು ಕಡತ ಮುಚ್ಚುತ್ತಾರೆ. ನಮ್ಮ ಕಡೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆಯುವ ಶಬ್ದ ಇದಕ್ಕೆ ಸರಿಯಾಗಿ ಹೊಂದುತ್ತದೆ: ಬಾಕಿ. ಕಾರಣ ಎಷ್ಟೇ ನ್ಯಾಯವಾದದ್ದಿರಲಿ, ಬಾಕಿ ಬಾಕಿಯೇ. ಮನೆಯಲ್ಲಿ ಕಾಯಿಲೆಯಿತ್ತು ಎಂದರೆ ಅಂಗಡಿಯವನು ವಾಯಿದೆ ಕೊಡುತ್ತಾನೆ, ಪುಸ್ತಕದಿಂದ ಹೊಡೆದುಹಾಕುವುದಿಲ್ಲ.

ನಾವು ಮಾಡಿದ್ದೇನು? ಬಾಕಿಯನ್ನು ಬಹುಮಾನವೆಂದು ಬರೆದೆವು. ಅವಳಿಂದ ಕಿತ್ತುಕೊಂಡದ್ದಕ್ಕೆ "ತಿಳಿವಳಿಕೆ" ಎಂದು ಹೆಸರಿಟ್ಟು ಅವಳ ಕೊರಳಿಗೇ ಹಾಕಿದೆವು. ಕೈ ಎತ್ತಿ ನಿಂತವಳಿಗೆ "ಎತ್ತಿಕೊಳ್ಳಲು ಆಗುವುದಿಲ್ಲ, ನನಗೂ ಬೇಜಾರಾಗಿದೆ" ಎನ್ನುವುದು ಒಂದು. "ನೀನು ದೊಡ್ಡವಳು, ಎತ್ತಿಕೊಳ್ಳುವುದು ನಿನಗೆ ಬೇಕಾಗಿಲ್ಲ" ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಅವಳ ಬಯಕೆ ಸರಿಯಾದದ್ದು, ನನ್ನ ಶಕ್ತಿ ಸಾಲದು. ಎರಡನೆಯದರಲ್ಲಿ ನನ್ನ ಶಕ್ತಿಗೆ ಏನೂ ಆಗಿಲ್ಲ, ಅವಳ ಬಯಕೆಯೇ ತಪ್ಪು. ಮೂರು ತುಂಬದ ಮಗು ಈ ವ್ಯತ್ಯಾಸವನ್ನು ಬಾಯಲ್ಲಿ ಹೇಳಲಾರದು, ಕರೆಯುವುದನ್ನು ನಿಲ್ಲಿಸಬಲ್ಲದು.

ಕರ್ಣನ ಕಥೆಯನ್ನು ಕನ್ನಡದವರು ಬಿಟ್ಟೂಬಿಡದೆ ಹೇಳಿಕೊಂಡು ಬಂದಿದ್ದಾರೆ, ಪಂಪನಿಂದ ಹಿಡಿದು ನಮ್ಮೂರ ಬಯಲಾಟದವರೆಗೆ. ಅದರಲ್ಲಿ ಅನ್ಯಾಯದ ಪಟ್ಟಿ ದೊಡ್ಡದಿದೆ, ತೊರೆದದ್ದು, ಜಾತಿ ಹೆಸರಲ್ಲಿ ಹಂಗಿಸಿದ್ದು, ಶಾಪ. ಈ ವಾರಗಳಲ್ಲಿ ನನಗೆ ಚುಚ್ಚಿದ್ದು ಬೇರೆಯದು. ಕುಂತಿ ತಾನಾಗಿ ಅವನ ಮುಂದೆ ಬಂದು ನೀನು ನನ್ನ ಹಿರಿಯ ಮಗ ಎಂದು ಹೇಳಿದ್ದು, ಕಿರಿಯರಿಗಾಗಿ ಅವನಿಂದ ಏನನ್ನೋ ಕೇಳಬೇಕಾದ ದಿನ. ಹಿರಿತನ ಮತ್ತು ಬೇಡಿಕೆ ಒಂದೇ ಉಸಿರಿನಲ್ಲಿ ಬಂದವು. ಅವನು ಕೊಟ್ಟ, ನಾವು ಸಾವಿರ ವರ್ಷದಿಂದ ಅವನನ್ನು ಹೊಗಳುತ್ತಿದ್ದೇವೆ. ಹೊಗಳಿಕೆಗೆ ಅವನು ಅರ್ಹ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಹೊಗಳಿಕೆಯ ಗದ್ದಲದಲ್ಲಿ ಕೇಳಿದವಳ ಬಾಕಿ ಎಲ್ಲಿ ಹೋಯಿತು ಎಂದು ಅನಿಸದಿರಲಿಲ್ಲ.

ಇದನ್ನೆಲ್ಲ ಅವ್ವನ ಹತ್ತಿರ ಈ ರೀತಿ ಹೇಳಲಾಗುವುದಿಲ್ಲ. ಒಂದು ಮಧ್ಯಾಹ್ನ, ಅವಳು ಕೂಸಿನ ಕುಂಚಿಗೆ ಮಡಚುತ್ತ ಕೂತಿದ್ದಾಗ, "ಅಕಿನ್ನ ದೊಡ್ಡಾಕಿ ಅನ್ನಬ್ಯಾಡವಾ" ಎಂದೆ.

"ಮತ್ತೇನನ್ನಬೇಕು? ದೊಡ್ಡಾಕಿಗೆ ದೊಡ್ಡಾಕಿ ಅನ್ನೂದಪ್ಪ."

"ಅಕಿಗೂ ಇನ್ನಾ ಮೂರು ತುಂಬಿಲ್ಲ."

ಅವ್ವ ಕುಂಚಿಗೆ ಕೆಳಗಿಟ್ಟಳು. "ನನಗೂ ಹಂಗ ಅಂತಿದ್ರು. ನಾ ಏನ್ ಸತ್ತ್ನೇನು?"

ಅವ್ವ ನವಲಗುಂದದ ಕಡೆಯ ಒಂದು ಹಳ್ಳಿಯವಳು, ಐದು ಮಕ್ಕಳಲ್ಲಿ ಮೊದಲನೆಯವಳು. ಐದನೆಯ ಇಯತ್ತೆ ಮುಗಿದ ವರ್ಷ ನನ್ನ ಸಣ್ಣ ಸೋದರಮಾವ ಹುಟ್ಟಿದ. ಅವಳ ಅವ್ವ ಹೊಲಕ್ಕೆ ಹೋಗಬೇಕಿತ್ತು, ಕೂಸನ್ನು ಹಿಡಿಯಲು ಮನೆಯಲ್ಲೊಬ್ಬರು ಬೇಕಿತ್ತು, ದೊಡ್ಡಾಕಿ ಇದ್ದಳು. ಶಾಲೆ ಅಲ್ಲಿಗೆ ನಿಂತಿತು. ಯಾರೂ ಬಿಡಿಸಲಿಲ್ಲ, ಬಿಡು ಎಂದೂ ಹೇಳಲಿಲ್ಲ, ಹಾಗೇ ನಿಂತಿತು ಎನ್ನುತ್ತಾಳೆ. ಟೊಂಕದ ಮೇಲೆ ತಮ್ಮನನ್ನು ಕೂರಿಸಿಕೊಂಡು ಶಾಲೆಯ ಕಿಟಕಿಯ ಹತ್ತಿರ ನಿಂತು ಕೆಲವು ದಿನ ಪಾಠ ಕೇಳಿದಳಂತೆ, ಅವನು ಅಳತೊಡಗಿದ್ದರಿಂದ ಮಾಸ್ತರರು ದೂರ ಹೋಗೆಂದರಂತೆ. ಈಗ ಆ ಸೋದರಮಾವ ಬಂದಾಗಲೆಲ್ಲ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾನೆ. ನಮ್ಮಕ್ಕ ಅಲ್ಲ, ನಮ್ಮವ್ವ ಎನ್ನುತ್ತಾನೆ. ನಿಜವಾದ ಪ್ರೀತಿ ಅದು, ನಾನು ಕಣ್ಣಾರೆ ಕಂಡಿದ್ದೇನೆ. ಅವನು ಡಿಗ್ರಿ ಓದಿದ್ದಾನೆ.

ಹಾಗಾಗಿ "ನಾ ಏನ್ ಸತ್ತ್ನೇನು?" ಎಂಬ ಪ್ರಶ್ನೆಗೆ ಏನು ಉತ್ತರಿಸಬೇಕೆಂದು ನನಗೆ ತಿಳಿಯಲಿಲ್ಲ. ಸಾಯಲಿಲ್ಲ, ನಿಜ. ತಮ್ಮ ತಂಗಿಯರೊಡನೆ ಬೆಳೆಯುವುದು ಎಷ್ಟು ದೊಡ್ಡ ಭಾಗ್ಯ ಎಂದು ಹೇಳುವವರೂ ಸುಳ್ಳು ಹೇಳುತ್ತಿಲ್ಲ. ಮಗಳು ಇದನ್ನೆಲ್ಲ ಮರೆಯುತ್ತಾಳೆ, ಮೂರು ವರ್ಷದೊಳಗಿನದು ಯಾರಿಗೂ ನೆನಪಿರುವುದಿಲ್ಲ ಎಂದು ಗಂಡ ಹೇಳಿದರು. ಅದೂ ಹೌದು. ಆದರೆ ಸಾಲ ಕೊಟ್ಟವನು ಮರೆತರೆ ಸಾಲ ತೀರಿತೆ? ಅವಳು ಮರೆತ ಮೇಲೆ ಆ ಮೂರು ರಾತ್ರಿಗಳಿಗೆ ಉಳಿಯುವ ಸಾಕ್ಷಿ ನಾನೊಬ್ಬಳೇ. ನಾನೂ ಅದಕ್ಕೆ ತಿಳಿವಳಿಕೆಯ ಕಥೆ ಎಂದು ಬರೆದುಕೊಂಡರೆ, ಅವಳು ಬಾಗಿಲ ಆಚೆ ನಿಂತದ್ದು ಎಲ್ಲೂ ನಡೆದಂತೆಯೇ ಆಗುವುದಿಲ್ಲ.

ಅದೇ ರಾತ್ರಿ, ನನಗೆ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಅವ್ವ ತಾನಾಗಿಯೇ ಹೇಳಿದಳು: "ಯಾರೂ ಇಲ್ಲದಾಗ ನಿಮ್ಮ ಮಾವನ್ನ ಚೂಟತಿದ್ದೆ. ತೊಡೀಗೆ. ಅಳ್ತಿದ್ದ, ಆಮ್ಯಾಲ ನಾನ ಎತ್ಗೊಂಡು ಸಮಾಧಾನ ಮಾಡ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಅವಗ ಇನ್ನಾ ಹೇಳಿಲ್ಲ" ಎಂದು ನಕ್ಕಳು. ಮರುದಿನವೂ ಅವಳು ಮಗಳನ್ನು ದೊಡ್ಡಾಕಿ ಎಂದೇ ಕರೆದಳು. ನಾಲಿಗೆಗೆ ರೂಢಿಯಾದದ್ದು. ಆದರೆ ಕೂಸಿಗೆ ಎರೆದಾದ ಮೇಲೆ ಉಳಿದ ಬಿಸಿನೀರಿನಲ್ಲಿ ಮಗಳನ್ನೂ ಕಾಲ ಮೇಲೆ ಉದ್ದಕ್ಕೆ ಮಲಗಿಸಿಕೊಂಡು, ಕೂಸಿಗೆ ಹಚ್ಚಿದಂತೆಯೇ ಎಣ್ಣೆ ಹಚ್ಚಿ, ಎರೆಯಲು ಬಂದ ಅಜ್ಜಿ "ಏನವಾ ಇದು, ಕಾಲ ಹೊರಗ ಹೊಂಟಾವು" ಎಂದು ನಗುತ್ತಿದ್ದರೂ ಕೇಳದೆ, ಎರೆದಳು. ಮಗಳು ಕಣ್ಣು ಮುಚ್ಚಿಕೊಂಡು, ಮುಷ್ಟಿ ಬಿಗಿ ಹಿಡಿದು, ಕೂಸಿನ ಹಾಗೆ ಅಳುವ ನಾಟಕ ಮಾಡಿದಳು. ಬಹಳ ಹೊತ್ತು ಮಾಡಿದಳು.

ಅವಳಿಗೆ ನಾನೂ ಹೇಳಿದೆ. ಜ್ವರ ಬಿಟ್ಟು ವಾರವಾದ ಮೇಲೆ, ಅವಳು ಗೋಡೆಗೆ ಒರಗಿ ಖಡಕ್ ರೊಟ್ಟಿ ಕಡಿಯುತ್ತಿದ್ದಾಗ. ನಿನಗ ಜ್ವರ ಬಂದಾಗ ನೀ ಕರದಿ, ನಾ ಬಾಗಲಾ ತಗೀಲಿಲ್ಲ. ನನಗ ತಗೀಬೇಕು ಅನಿಸಿತ್ತು. ನೀ ಕರದದ್ದು ತಪ್ಪಲ್ಲ. ಇಷ್ಟನ್ನು ಹೇಳಲು ನಾನು ಮೂರು ದಿನ ಶಬ್ದ ಹುಡುಕಿದ್ದೆ. ಅವಳು ರೊಟ್ಟಿಯಿಂದ ತಲೆ ಎತ್ತಿ, "ಚಿಲಕಾ ಮ್ಯಾಲಿತ್ತು, ನನಗ ನಿಲುಕಲಿಲ್ಲ" ಎಂದಳು. ಅದಕ್ಕೆ ಏನು ಹೇಳುವುದೆಂದು ಗೊತ್ತಾಗದೆ ಹೂಂ ಎಂದೆ. ಚಿಲಕ ಒಳಗಿತ್ತು ಎಂದು ತಿದ್ದಲಿಲ್ಲ.

ಆರು ವಾರ ಮುಗಿದ ದಿನ ಡಾಕ್ಟರು ಹೊಲಿಗೆ ನೋಡಿ ಪರವಾಗಿಲ್ಲ ಎಂದರು. ಅವತ್ತು ಸಂಜೆ ಕೂಸನ್ನು ತೊಟ್ಟಿಲಿಗೆ ಹಾಕಿ ಮಗಳನ್ನು ಎತ್ತಿಕೊಂಡೆ. ಕಾಲು ನನ್ನ ಮೊಣಕಾಲಿನ ಹತ್ತಿರ ತೂಗಾಡಿದವು. ಮೊದಲು ಅವಳು ಸುಮ್ಮನೆ ಬಿಗಿಯಾಗಿ ಇದ್ದಳು, ಹೊಸಬರು ಎತ್ತಿಕೊಂಡಾಗ ಇರುತ್ತಾರಲ್ಲ ಹಾಗೆ. ಆಮೇಲೆ ಕಿವಿಯ ಹಿಂದಿನ ಕೂದಲು ಹುಡುಕಿ ಬೆರಳಿಗೆ ಸುತ್ತಿಕೊಂಡಳು. ಪಡಸಾಲೆಯ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದಿರಬೇಕು, ಒಳಗೆ ಕೂಸು ಎಚ್ಚರವಾಗಿ ಅಳತೊಡಗಿತು.

"ಅಂವಾ ಅಳಾಕತ್ತಾನ" ಎಂದೆ.

"ಅಳ್ಲಿ" ಎಂದಳು, ಕೂದಲು ಬಿಡದೆ.

ಅಡುಗೆಮನೆಯಿಂದ ಅವ್ವ ಕೈ ಒರೆಸಿಕೊಳ್ಳುತ್ತ ಬಂದಳು, ಬೇಡವೆಂದು ತಲೆಯಾಡಿಸಿದೆ. ಇನ್ನೆರಡು ಸಲ ಆ ತುದಿಯಿಂದ ಈ ತುದಿಗೆ ನಡೆದೆ. ಒಳಗೆ ಅವನು ಅಳುತ್ತಲೇ ಇದ್ದ.